ಕಡಿಮೆ ಖರ್ಚಿನಲ್ಲಿ ಮೊದಲ ಸ್ಕೂಬಾ ಪ್ರವಾಸ: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಬೆನ್ನಿಗೆ ಗಾಳಿಯ ಟ್ಯಾಂಕು ಕಟ್ಟಿಕೊಂಡು ನೀರಿನೊಳಗೆ ಉಸಿರಾಡುತ್ತ ಈಜುವ ಸ್ಕೂಬಾ ಡೈವಿಂಗ್ ದುಡ್ಡಿದ್ದವರ ಹವ್ಯಾಸ ಎಂಬ ಮಾತು ಅರ್ಧ ಮಾತ್ರ ನಿಜ. ನೀರಿನೊಳಗಿನ ಖರ್ಚಿಗಿಂತ ನೀರಿನ ಹೊರಗಿನ ಖರ್ಚೇ ಹೆಚ್ಚು: ವಿಮಾನ, ದೋಣಿ, ಹೋಟೆಲು, ಊರಿಂದೂರಿಗೆ ಓಡಾಟ. ಹಾಗಾಗಿ ಮೊದಲ ಸಲ ಹೊರಡುವವರಿಗೆ ನಾನು ಹೇಳುವುದು ಇಷ್ಟೇ. ಪ್ರಯಾಣದಲ್ಲಿ, ವಸತಿಯಲ್ಲಿ, ಸೀಸನ್ ಆರಿಸುವುದರಲ್ಲಿ ಎಷ್ಟು ಬೇಕಾದರೂ ಉಳಿಸಿ. ಕಲಿಸುವವರ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಕೆಳಗಿನದನ್ನೆಲ್ಲ ಈ ಲೆಕ್ಕದಲ್ಲೇ ಓದಿಕೊಳ್ಳಿ.

1. ಒಮ್ಮೆ ನೋಡಿ ಬರುವುದೋ, ಕಲಿತೇ ಬರುವುದೋ?

ಹೊಸಬರಿಗೆ ಎರಡು ದಾರಿಗಳಿವೆ. ಒಂದು, ಟ್ರೈ ಡೈವ್. ಅರ್ಧ ದಿನದ ಕೆಲಸ. ಅಷ್ಟಿಷ್ಟು ಹೇಳಿಕೊಟ್ಟು, ಇನ್‌ಸ್ಟ್ರಕ್ಟರ್ ಜೊತೆಯಲ್ಲೇ ಇದ್ದು ಕೆಳಗೆ ಕರೆದುಕೊಂಡು ಹೋಗುತ್ತಾರೆ. ಗರಿಷ್ಠ 12 ಮೀಟರ್ ಆಳ. ಈಜುವ ಪರೀಕ್ಷೆ ಇಲ್ಲ, ಕೊನೆಗೆ ಡೈವಿಂಗ್ ಕಲಿತವರಿಗೆ ಕೊಡುವ ಪ್ರಮಾಣಪತ್ರದ ಕಾರ್ಡೂ ಸಿಗುವುದಿಲ್ಲ. ಇನ್ನೊಂದು, ಓಪನ್ ವಾಟರ್ ಕೋರ್ಸ್. ಪಾಠ, ಈಜುಕೊಳದ ಅಭ್ಯಾಸ, ಸಮುದ್ರದಲ್ಲಿ ನಾಲ್ಕು ಡೈವ್. ಎಲ್ಲ ಸೇರಿ ಮೂರು ನಾಲ್ಕು ದಿನ. ಮುಗಿಸಿದ ವಯಸ್ಕರು ಜಗತ್ತಿನ ಯಾವ ಕಡಲಲ್ಲಾದರೂ ಜೊತೆಗಾರರೊಂದಿಗೆ 18 ಮೀಟರ್‌ವರೆಗೆ ಇಳಿಯಬಹುದು. ಆ ಕಾರ್ಡಿಗೆ ಅವಧಿ ಮುಗಿಯುವುದು ಎಂಬುದಿಲ್ಲ.

ಡೈವಿಂಗ್‌ಗಾಗಿಯೇ ದೂರದ ದ್ವೀಪಕ್ಕೆ ಹೋಗುತ್ತಿದ್ದರೆ ಕೋರ್ಸೇ ಮೇಲು. ಎರಡು ಮೂರು ಟ್ರೈ ಡೈವ್‌ಗೆ ಸುರಿಯುವ ಹಣಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಕಲಿಕೆಯೇ ಕೈಗೆ ಬರುತ್ತದೆ, ಮುಂದಿನ ಪ್ರವಾಸಗಳಿಗೂ ಅದು ಒದಗುತ್ತದೆ. ಆದರೆ ನೀರೆಂದರೆ ಎದೆ ನಡುಗುವವರು ಮೊದಲು ತಮ್ಮ ಹತ್ತಿರದ ಈಜುಕೊಳವೊಂದರಲ್ಲಿ ಟ್ರೈ ಡೈವ್ ಮಾಡಿ ನೋಡಲಿ. ವಿಮಾನದ ಟಿಕೆಟ್ ಕೊಂಡ ಮೇಲೆ, ಇದು ನನ್ನಿಂದಾಗದು ಎಂದು ಗೊತ್ತಾದರೆ ನಷ್ಟ ದೊಡ್ಡದು.

ಕೋರ್ಸಿಗೆ ಈಜು ಬೇಕು, ಈಜುಪಟುವಾಗಬೇಕಿಲ್ಲ. ನಿಲ್ಲದೆ 200 ಮೀಟರ್ ಈಜಬೇಕು, ಸಮಯದ ಗಡುವಿಲ್ಲ. ಹತ್ತು ನಿಮಿಷ ಯಾವ ಆಸರೆಯೂ ಇಲ್ಲದೆ ತೇಲಬೇಕು. ಹೊರಡುವ ಮುಂಚಿನ ಒಂದೆರಡು ತಿಂಗಳು ವಾರಕ್ಕೆರಡು ಸಲ ಕೊಳಕ್ಕೆ ಹೋದರೆ ಇದು ಕೈಗೂಡುತ್ತದೆ.

ಪ್ಯಾಡಿ, ಎಸ್‌ಎಸ್‌ಐ, ಸಿಮಾಸ್ ಎಂದು ಈ ಕಾರ್ಡು ಕೊಡುವ ಹಲವು ಸಂಸ್ಥೆಗಳ ಹೆಸರು ಕಿವಿಗೆ ಬೀಳುತ್ತದೆ. ಸಿಮಾಸ್ ಶುರುವಾದದ್ದು 1959ರಲ್ಲಿ, ಪ್ಯಾಡಿ 1966ರಲ್ಲಿ, ಎಸ್‌ಎಸ್‌ಐ 1970ರಲ್ಲಿ. ಈ ಹಂತದ ಡೈವರ್‌ಗೆ ಏನೇನು ಬರಬೇಕು ಎಂಬುದಕ್ಕೆ ಐಎಸ್‌ಒ 24801-2 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ದೊಡ್ಡ ಸಂಸ್ಥೆಗಳ ಕಾರ್ಡುಗಳನ್ನು ಡೈವ್ ಸೆಂಟರ್‌ಗಳು ಪರಸ್ಪರ ಒಪ್ಪುತ್ತವೆ. ಯಾವ ಸಂಸ್ಥೆ ಎಂದು ತಲೆ ಕೆಡಿಸಿಕೊಳ್ಳುವ ಬದಲು ಯಾವ ಇನ್‌ಸ್ಟ್ರಕ್ಟರ್ ಎಂದು ಯೋಚಿಸಿ.

2. ಟಿಕೆಟ್‌ಗೂ ಮೊದಲು ಆರೋಗ್ಯದ ಫಾರ್ಮ್

ಇದನ್ನು ಬಹಳ ಜನ ಕೊನೆಗೆ ಬಿಡುತ್ತಾರೆ, ಅಲ್ಲೇ ಎಡವುತ್ತಾರೆ. ಡೈವಿಂಗ್ ಕಲಿಯುವ ಎಲ್ಲರೂ ವೈದ್ಯಕೀಯ ಪ್ರಶ್ನಾವಳಿಯೊಂದನ್ನು ತುಂಬಬೇಕು. ಅಸ್ತಮಾ, ಹೃದಯದ ತೊಂದರೆ, ಶ್ವಾಸಕೋಶ ಕುಸಿದ ಹಿನ್ನೆಲೆ, ಮೂರ್ಛೆ, ಕಿವಿಯ ಶಸ್ತ್ರಚಿಕಿತ್ಸೆ ಇಂಥವಕ್ಕೆ ‘ಹೌದು’ ಎಂದು ಬರೆದರೆ ವೈದ್ಯರ ಸಹಿ ಇಲ್ಲದೆ ನೀರಿಗೆ ಇಳಿಸುವುದಿಲ್ಲ. ಗರ್ಭಿಣಿಯರು ಡೈವ್ ಮಾಡುವಂತಿಲ್ಲ. ಪುಟ್ಟ ದ್ವೀಪವೊಂದಕ್ಕೆ ಹೋಗಿ ಇಳಿದ ಮೇಲೆ ಫಾರ್ಮ್ ಕೈಗೆ ಬಂದರೆ, ಅಲ್ಲಿ ವೈದ್ಯರನ್ನು ಹುಡುಕುವುದರಲ್ಲೇ ಒಂದು ದಿನ ಹೋಗುತ್ತದೆ. ಡೈವ್ ಸೆಂಟರ್‌ನಿಂದ ಮೊದಲೇ ಫಾರ್ಮ್ ತರಿಸಿಕೊಂಡು, ಬೇಕಿದ್ದರೆ ನಿಮ್ಮ ವೈದ್ಯರಿಗೆ ತೋರಿಸಿ.

ಸುಳ್ಳು ಬರೆದು ಪಾರಾಗುವ ಯೋಚನೆ ಮಾತ್ರ ಬೇಡವೇ ಬೇಡ. ಪ್ರತಿ ಹತ್ತು ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಹತ್ತು ಮೀಟರ್ ಆಳದಲ್ಲಿ ತುಂಬಿಕೊಂಡ ಉಸಿರನ್ನು ಕಟ್ಟಿ ಹಿಡಿದು ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ. ‘ಉಸಿರು ಕಟ್ಟಬೇಡಿ’ ಎನ್ನುವುದು ಡೈವಿಂಗ್‌ನ ಮೊದಲ ನಿಯಮವಾಗಿರುವುದು ಇದಕ್ಕೇ. ಶ್ವಾಸಕೋಶದಲ್ಲಿ ಎಲ್ಲೋ ಗಾಳಿ ಸಿಕ್ಕಿಹಾಕಿಕೊಳ್ಳುವಂಥ ತೊಂದರೆ ಇರುವವರಿಗೆ, ಉಸಿರು ಬಿಡುತ್ತಲೇ ಬಂದರೂ ಅಪಾಯ ತಪ್ಪಿದ್ದಲ್ಲ.

3. ಪಾಠ ಮನೆಯಲ್ಲೇ ಮುಗಿಸಿ

ಓಪನ್ ವಾಟರ್ ಕೋರ್ಸಿನ ಪಾಠದ ಭಾಗವನ್ನು ಈಗ ಆನ್‌ಲೈನ್‌ನಲ್ಲೇ ಓದಿ ಮುಗಿಸಬಹುದು. ಇದರಿಂದ ಕಡಲ ತೀರದಲ್ಲಿ ಕುಳಿತು ವಿಡಿಯೋ ನೋಡುವ ಒಂದು ಇಡೀ ದಿನ ಉಳಿಯುತ್ತದೆ. ಇನ್ನೂ ಮುಂದೆ ಹೋಗಿ, ನಿಮ್ಮಲ್ಲಿಗೆ ಹತ್ತಿರವಾದ ಸೆಂಟರ್‌ನಲ್ಲಿ ಈಜುಕೊಳದ ಅಭ್ಯಾಸವನ್ನೂ ಮುಗಿಸಿ, ಸಮುದ್ರದ ನಾಲ್ಕು ಡೈವ್‌ಗಳನ್ನು ಮಾತ್ರ ದ್ವೀಪದಲ್ಲಿ ಮಾಡುವ ವ್ಯವಸ್ಥೆಯೂ ಉಂಟು. ಅದಕ್ಕೆ ರೆಫರಲ್ ಎನ್ನುತ್ತಾರೆ. ರಜೆ ಕಡಿಮೆ ಇರುವವರಿಗೆ ಇದು ಒಳ್ಳೆಯದು. ಆದರೆ ಎರಡು ಕಡೆ ಹಣ ಕೊಡಬೇಕಾಗುವುದರಿಂದ ಒಟ್ಟು ಖರ್ಚು ಕೆಲವೊಮ್ಮೆ ಜಾಸ್ತಿಯೇ ಆಗುತ್ತದೆ. ಉಳಿಯುವುದು ದಿನ. ಸಮಯವಿದ್ದವರು ಪಾಠ ಮಾತ್ರ ಮನೆಯಲ್ಲಿ ಮುಗಿಸಿ, ಉಳಿದದ್ದನ್ನು ಒಂದೇ ಕಡೆ ಕಲಿಯುವುದು ಅಗ್ಗ.

4. ಜಾಗ ಮತ್ತು ಕಾಲ

ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಹಣ ಉಳಿಯುವುದು ಇಲ್ಲಿ. ಅದಕ್ಕೆ ನಾನು ನೋಡುವುದು ಮೂರು ವಿಷಯ: ಡೈವ್ ಮಾಡುವ ಜಾಗ ದಡಕ್ಕೆ ಹತ್ತಿರವಿರಬೇಕು, ಅಕ್ಕಪಕ್ಕದಲ್ಲಿ ಹಲವು ಡೈವ್ ಸೆಂಟರ್‌ಗಳಿರಬೇಕು, ಊರು ಬದಲಿಸದೆ ಒಂದೇ ಕಡೆ ಉಳಿಯುವಂತಿರಬೇಕು.

ಥಾಯ್ಲೆಂಡ್‌ನ ಕೋಹ್ ಟಾವೊ ಸುಮಾರು 21 ಚದರ ಕಿಲೋಮೀಟರ್‌ನ ಪುಟ್ಟ ದ್ವೀಪ. ಡೈವ್ ಸೆಂಟರ್‌ಗಳು ಅಷ್ಟೊಂದಿರುವುದರಿಂದ ಪೈಪೋಟಿ ಜೋರು, ಬೆಲೆ ತಗ್ಗು; ಕಲಿಯುವವರಿಗೆ ವಸತಿಯಲ್ಲಿ ರಿಯಾಯಿತಿ ಕೊಡುವ ಸೆಂಟರ್‌ಗಳೂ ಇವೆ. ಕೆರಿಬಿಯನ್ ಕಡೆಗೆ ಹೊರಟವರಿಗೆ ಹೊಂಡುರಾಸ್‌ನ ಉಟಿಲಾ ಇಂಥದೇ ಜಾಗ. ಮಧ್ಯ ಅಮೆರಿಕದ ಕರಾವಳಿಗುಂಟ ಹಬ್ಬಿರುವ ಹವಳದ ಸಾಲು ಅಲ್ಲಿದೆ, ಕೋರ್ಸಿನ ಜೊತೆಗೇ ಹಾಸಿಗೆಯ ವ್ಯವಸ್ಥೆಯೂ ಸಿಗುತ್ತದೆ. ಫಿಲಿಪ್ಪೀನ್ಸ್‌ನ ಮೊವಾಲ್‌ಬೊವಾಲ್‌ನಲ್ಲಿ ದಡದಿಂದ ಸ್ವಲ್ಪ ದೂರ ಈಜಿದರೆ ಸಾಕು, ಸಾರ್ಡೀನ್ ಮೀನಿನ ಭಾರೀ ಹಿಂಡು ಕಾಣುತ್ತದೆ. ಮಲೇಷ್ಯಾದ ಪೆರ್ಹೆಂಟಿಯನ್ ದ್ವೀಪಗಳೂ ಹೊಸಬರಿಗೆ ಹೇಳಿ ಮಾಡಿಸಿದಂತಿವೆ.

ಬಾಲಿಯ ತುಲಾಂಬೆನ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕಡಿಮೆ ಖರ್ಚಿನ ಡೈವ್ ಎಂದರೇನು ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿದ ‘ಲಿಬರ್ಟಿ’ ಎಂಬ ಅಮೆರಿಕದ ಸರಕು ಹಡಗನ್ನು ಎಳೆದು ತಂದು ಅಲ್ಲಿನ ದಡಕ್ಕೆ ಹತ್ತಿಸಿದ್ದರು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ಜಾರಿ ನೀರಿಗೆ ಬಿತ್ತು. ಈಗ ಅದರ ಮೇಲಿನ ತುದಿ ಐದು ಮೀಟರ್ ಆಳದ ಆಸುಪಾಸಿನಲ್ಲಿದೆ, ಅಡಿಭಾಗ ಮೂವತ್ತು ಮೀಟರ್ ಹತ್ತಿರ. ದೋಣಿಯೇ ಬೇಡ. ದುಂಡನೆಯ ಕಪ್ಪು ಕಲ್ಲುಗಳ ತೀರದಲ್ಲಿ ಊರಿನ ಹೆಂಗಸರು ಟ್ಯಾಂಕುಗಳನ್ನು ತಲೆಯ ಮೇಲೆ ಹೊತ್ತು ತರುತ್ತಾರೆ. ನೀವು ಆ ಕಲ್ಲುಗಳ ಮೇಲೆ ಕಾಲು ಜಾರದಂತೆ ನಡೆದು, ಸೊಂಟದ ಮಟ್ಟದ ನೀರಲ್ಲಿ ಕಾಲಿಗೆ ಫಿನ್ಸ್ (ಈಜಲು ನೆರವಾಗುವ ರೆಕ್ಕೆ) ತೊಟ್ಟು, ಕೆಲವೇ ನಿಮಿಷ ಈಜಿದರೆ ಹವಳ ಬೆಳೆದ ಹಡಗಿನ ಮೈ ಎದುರಾಗುತ್ತದೆ. ದೋಣಿಯ ಬಾಡಿಗೆ, ಇಂಧನ, ಸಿಬ್ಬಂದಿ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಹೊಸಬರು 18 ಮೀಟರ್ ದಾಟದೆಯೇ ಬೇಕಾದಷ್ಟು ನೋಡಬಹುದು. ಹಡಗಿನ ಒಳಕ್ಕೆ ನುಗ್ಗುವ ಆಸೆ ಮಾತ್ರ ಈಗ ಬೇಡ.

ಇನ್ನು ಕಾಲ. ಉಷ್ಣವಲಯ ಎಂದ ಮಾತ್ರಕ್ಕೆ ವರ್ಷವಿಡೀ ಒಂದೇ ಕಡಲಲ್ಲ. ಥಾಯ್ಲೆಂಡ್ ಒಂದರಲ್ಲೇ ಎರಡು ಲೆಕ್ಕ: ಕೊಲ್ಲಿಯ ಕಡೆ ಇರುವ ಕೋಹ್ ಟಾವೊದಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜೋರು ಮಳೆ, ಪಶ್ಚಿಮ ಕರಾವಳಿಯಲ್ಲಿ ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಅಲ್ಲಿನ ಸಿಮಿಲನ್ ದ್ವೀಪಗಳ ಉದ್ಯಾನವನ್ನು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿಬಿಡುತ್ತಾರೆ. ಪೆರ್ಹೆಂಟಿಯನ್‌ನಲ್ಲಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ಬಹುಪಾಲು ಬಾಗಿಲು ಹಾಕಿರುತ್ತದೆ. ಕೆರಿಬಿಯನ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಅಗ್ಗವಾಗಿ ಸಿಗುತ್ತದೆಂದು ನಡು ಮಳೆಗಾಲಕ್ಕೆ ಬುಕ್ ಮಾಡಿದರೆ ದೋಣಿ ಹೊರಡದೆ ದಿನಗಳು ಕಳೆಯುತ್ತವೆ, ಹೊರಟರೂ ನೀರು ಕದಡಿ ಕಣ್ಣಿಗೆ ಏನೂ ಕಾಣುವುದಿಲ್ಲ. ಲಾಭವಿರುವುದು ಸೀಸನ್ ಶುರುವಾಗುವ ಮತ್ತು ಮುಗಿಯುವ ವಾರಗಳಲ್ಲಿ. ಕಡಲು ಶಾಂತವಾಗಿರುವ ಸಾಧ್ಯತೆ ಚೆನ್ನಾಗಿರುತ್ತದೆ, ಜನ ಕಡಿಮೆ, ಕೋಣೆಯ ಬಾಡಿಗೆ ಇಳಿದಿರುತ್ತದೆ. ಜನ ಕಡಿಮೆ ಎಂದರೆ ನಿಮ್ಮ ಗುಂಪೂ ಚಿಕ್ಕದು. ಹೊಸಬರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ದಿನಗಟ್ಟಲೆ ಹಡಗಿನಲ್ಲೇ ಉಳಿದು ಡೈವ್ ಮಾಡುವ ಪ್ರವಾಸಗಳ ಫೋಟೋ ಕಂಡು ಮನಸೋಲಬೇಡಿ. ಅವು ದುಬಾರಿ, ಅಲ್ಲದೆ ಹಲವು ಜಾಗಗಳಲ್ಲಿ ಸೆಳೆತ ಬಲವಾಗಿರುತ್ತದೆ. ಮುಂದೆಂದಾದರೂ ನೋಡೋಣ.

5. ಡೈವ್ ಸೆಂಟರ್‌ಗೆ ಬರೆಯಬೇಕಾದ ಪತ್ರ

ಜಾಹೀರಾತಿನಲ್ಲಿರುವ ಬೆಲೆ ಪೂರ್ತಿ ಬೆಲೆಯಲ್ಲ. ಮೂರು ನಾಲ್ಕು ಸೆಂಟರ್‌ಗಳಿಗೆ ಒಂದೇ ಪ್ರಶ್ನೆಗಳನ್ನು ಬರೆದು ಕಳಿಸಿ, ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪಾಠದ ಸಾಮಗ್ರಿ ಮತ್ತು ಕಾರ್ಡಿನ ಶುಲ್ಕ ಸೇರಿದೆಯೇ? ಬಾಡಿಗೆ ಸಲಕರಣೆ ಎಲ್ಲ ಸೇರಿದೆಯೇ, ಆಳ ಮತ್ತು ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ಕೂಡ? ದೋಣಿಗೆ ಬೇರೆ ಹಣವೇ? ಸಾಗರ ಉದ್ಯಾನದ ಪ್ರವೇಶ ಶುಲ್ಕ ಯಾರದು? ತೆರಿಗೆ? ಹವಾಮಾನ ಕೆಟ್ಟು ಡೈವ್ ರದ್ದಾದರೆ ಹಣ ವಾಪಸೋ, ದಿನ ಮುಂದಕ್ಕೋ? ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ ಕಲಿಯುವವರು?

ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಪ್ಯಾಡಿಯ ನಿಯಮದಲ್ಲಿ ಸಮುದ್ರದ ಡೈವ್‌ಗೆ ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಂಟು ವಿದ್ಯಾರ್ಥಿಗಳವರೆಗೆ ಅವಕಾಶವಿದೆ. ಎಂಟು ಜನರಿದ್ದರೆ ಒಬ್ಬರು ಅಭ್ಯಾಸ ಮಾಡುವಾಗ ಏಳು ಜನ ಮರಳ ಮೇಲೆ ಮಂಡಿಯೂರಿ ಕಾಯುತ್ತ ಗಾಳಿ ಖರ್ಚು ಮಾಡುತ್ತಾರೆ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಜನರಿರುವ ಕಡೆ ಸ್ವಲ್ಪ ಹೆಚ್ಚು ಹಣವಾದರೂ ಕೊಡಿ. ಹೋಟೆಲಿನ ಕೋಣೆಯಲ್ಲಿ ಒಂದು ದರ್ಜೆ ಇಳಿಸಿ ಆ ಹಣ ಹೊಂದಿಸಿ. ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸಿದವರು ನೀರಿನಲ್ಲೂ ತಾಳ್ಮೆಯಿಂದ ಇರುತ್ತಾರೆ ಎಂಬುದು ನನ್ನ ನಂಬಿಕೆ.

ಇನ್ನೊಂದು ಮಾತು. ಕೋರ್ಸ್ ಮುಗಿದ ದಿನವೇ 30 ಮೀಟರ್‌ವರೆಗೆ ಇಳಿಯುವ ಅಡ್ವಾನ್ಸ್‌ಡ್ ಕೋರ್ಸ್ ಸೇರಿ ಎಂದು ಹೇಳುವವರು ಬಹಳ. ಸೇರಬಾರದೆಂದೇನಿಲ್ಲ, ಆದರೆ ಹಣ ಅಳೆದು ಬಂದವರು ಅದರ ಬದಲು ನಾಲ್ಕಾರು ಸುಮ್ಮನೆ ನೋಡುವ ಡೈವ್‌ಗಳನ್ನು ಪ್ಯಾಕೇಜ್‌ನಲ್ಲಿ ತೆಗೆದುಕೊಳ್ಳುವುದು ವಾಸಿ. ಇದರಲ್ಲಿ ಭೌತಶಾಸ್ತ್ರವೂ ನಮ್ಮ ಪರವಾಗಿದೆ. ಹತ್ತು ಮೀಟರ್‌ನಲ್ಲಿ ಉಸಿರಾಡಿದರೆ ಮೇಲ್ಮೈಗಿಂತ ಎರಡು ಪಟ್ಟು ಗಾಳಿ ಬೇಕು, ಇಪ್ಪತ್ತು ಮೀಟರ್‌ನಲ್ಲಿ ಮೂರು ಪಟ್ಟು. ಅದೇ ಟ್ಯಾಂಕು ಇಪ್ಪತ್ತರಲ್ಲಿ ಬರುವುದಕ್ಕಿಂತ ಒಂದೂವರೆ ಪಟ್ಟು ಹೊತ್ತು ಹತ್ತರಲ್ಲಿ ಬರುತ್ತದೆ. ಬೆಳಕು ಹೆಚ್ಚು, ಬಣ್ಣವೂ ಹೆಚ್ಚು: ಕೆಳಗೆ ಹೋದಂತೆ ಮೊದಲು ಮಾಯವಾಗುವುದು ಕೆಂಪು. ಕೊಟ್ಟ ದುಡ್ಡಿಗೆ ಹೆಚ್ಚು ಸಿಗುವುದು ಮೇಲಿನ ಹನ್ನೆರಡು ಹದಿನೈದು ಮೀಟರ್‌ನಲ್ಲೇ.

6. ವಿಮೆ

ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಡೈವಿಂಗ್ ಸೇರಿಯೇ ಇರುವುದಿಲ್ಲ, ಅಥವಾ ಆಳದ ಮಿತಿ, ಇನ್‌ಸ್ಟ್ರಕ್ಟರ್ ಜೊತೆಗಿರಬೇಕೆಂಬ ಷರತ್ತು ಇರುತ್ತದೆ. ಸಣ್ಣ ಅಕ್ಷರಗಳನ್ನು ಓದಿ. ದೇಹದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಬರುವ ಡಿಕಂಪ್ರೆಷನ್ ಕಾಯಿಲೆಗೆ ಹೈಪರ್‌ಬೇರಿಕ್ ಚೇಂಬರ್ ಎಂಬ, ಒತ್ತಡ ಏರಿಸಿದ ಕೋಣೆಯಲ್ಲಿ ಚಿಕಿತ್ಸೆ ಕೊಡಬೇಕು. ಅದು ದುಬಾರಿ, ದ್ವೀಪದಿಂದ ಅಲ್ಲಿಗೆ ಸಾಗಿಸುವ ಖರ್ಚು ಅದಕ್ಕೂ ಮೇಲೆ. ಈ ಎರಡೂ ವಿಮೆಯಲ್ಲಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. 1980ರಲ್ಲಿ ಶುರುವಾದ ‘ಡೈವರ್ಸ್ ಅಲರ್ಟ್ ನೆಟ್‌ವರ್ಕ್’ ಡೈವರ್‌ಗಳಿಗೆಂದೇ ಇರುವ ಸಂಸ್ಥೆ. ಅದರ ಮೂಲಕವೂ ವಿಮೆ ಸಿಗುತ್ತದೆ. ಈ ಖರ್ಚನ್ನು ಬಿಟ್ಟು ಬಜೆಟ್ ಮಾಡಬೇಡಿ.

7. ಕೊಳ್ಳುವುದಾದರೆ ಮಾಸ್ಕ್ ಒಂದೇ

ಟ್ಯಾಂಕು, ಮುಳುಗಲು ಕಟ್ಟಿಕೊಳ್ಳುವ ಭಾರದ ಬೆಲ್ಟು, ಟ್ಯಾಂಕಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್, ಬಿಸಿಡಿ (ಗಾಳಿ ತುಂಬಿಸಿ, ಬಿಟ್ಟು ತೇಲುವುದನ್ನು ಹೊಂದಿಸಿಕೊಳ್ಳುವ ಜಾಕೆಟ್), ಫಿನ್ಸ್, ಮೈ ಬೆಚ್ಚಗಿಡುವ ವೆಟ್‌ಸೂಟ್ ಎಲ್ಲ ಬಾಡಿಗೆಗೆ ಸಿಗುತ್ತವೆ. ಉಷ್ಣವಲಯದ ನೀರು ಸಾಮಾನ್ಯವಾಗಿ 26ರಿಂದ 29 ಡಿಗ್ರಿ ಸೆಲ್ಸಿಯಸ್ ಇರುವುದರಿಂದ 3 ಮಿಲಿಮೀಟರ್ ದಪ್ಪದ ಸೂಟು ಸಾಕು. ಬೆಚ್ಚಗಿನ ನೀರಿಗೆ ಸೂಟೇಕೆ ಎನ್ನಬೇಡಿ. ನೀರು ಗಾಳಿಗಿಂತ ಎಷ್ಟೋ ಪಟ್ಟು ವೇಗವಾಗಿ ಮೈಶಾಖವನ್ನು ಎಳೆದುಕೊಳ್ಳುತ್ತದೆ, ಎರಡನೇ ಡೈವ್‌ನ ಹೊತ್ತಿಗೆ ನಡುಕ ಶುರುವಾಗುತ್ತದೆ.

ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ಮಾತ್ರ ನಿಮ್ಮದೇ ಇರಲಿ. ಪ್ರತಿಯೊಬ್ಬರ ಮುಖವೂ ಬೇರೆ. ನೀರು ಸೋರುವ ಮಾಸ್ಕ್‌ನಷ್ಟು ಹೊಸಬರನ್ನು ಹೆದರಿಸುವುದು ಇನ್ನೊಂದಿಲ್ಲ. ಅಂಗಡಿಯಲ್ಲಿ ಪಟ್ಟಿ ಹಾಕಿಕೊಳ್ಳದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿ ನಿಂತರೆ ಅದು ನಿಮ್ಮದು. ಹೊಸ ಮಾಸ್ಕಿನ ಗಾಜಿನ ಒಳಮೈಗೆ ಜಿಡ್ಡಿನ ಪದರ ಇರುತ್ತದೆ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ತಿಕ್ಕಿ ತೊಳೆದರೆ ಮಂಜು ಕಟ್ಟುವುದು ಕಡಿಮೆಯಾಗುತ್ತದೆ. ಕನ್ನಡಕದವರಿಗೆ ಪವರ್ ಇರುವ ಮಾಸ್ಕ್‌ಗಳಿವೆ, ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕಿಯೂ ಇಳಿಯಬಹುದು.

ಸನ್‌ಸ್ಕ್ರೀನ್ ಬದಲು ತುಂಬು ತೋಳಿನ ರ‍್ಯಾಶ್ ಗಾರ್ಡ್ (ನೀರಿನಲ್ಲಿ ತೊಡುವ ಬಿಗಿ ಅಂಗಿ) ಒಯ್ಯಿರಿ. ಹವಳಕ್ಕೆ ಹಾನಿ ಮಾಡುವ ಆಕ್ಸಿಬೆಂಜೋನ್‌ನಂಥ ರಾಸಾಯನಿಕಗಳಿರುವ ಕ್ರೀಮ್‌ಗಳನ್ನು ಪೆಸಿಫಿಕ್‌ನ ದ್ವೀಪರಾಷ್ಟ್ರ ಪಲಾವ್ 2020ರಲ್ಲಿ ನಿಷೇಧಿಸಿತು, ಥಾಯ್ಲೆಂಡ್ ತನ್ನ ಸಾಗರ ಉದ್ಯಾನಗಳಲ್ಲಿ 2021ರಲ್ಲಿ.

8. ನೀರಿಗಿಳಿಯುವ ಮೊದಲು, ಇಳಿದ ಮೇಲೆ

ತಲುಪಿದ ದಿನ ಸೆಂಟರ್‌ಗೆ ಹೋಗಿ ಕಣ್ಣಾಡಿಸಿ. ಸಲಕರಣೆ ತೊಳೆದು ನೆರಳಲ್ಲಿ ನೇತು ಹಾಕಿದ್ದಾರೆಯೇ? ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯೇ? ಹತ್ತಿರದ ಚೇಂಬರ್ ಎಲ್ಲಿದೆ ಎಂದು ಕೇಳಿದರೆ ತಕ್ಷಣ ಉತ್ತರ ಬರುತ್ತದೆಯೇ? ಒಪ್ಪಿಗೆಯಾಗದಿದ್ದರೆ ಮುಂಗಡ ಹೋದರೂ ಸರಿ, ಪಕ್ಕದ ಸೆಂಟರ್‌ಗೆ ನಡೆಯಿರಿ. ಹಲವು ಸೆಂಟರ್‌ಗಳಿರುವ ಊರನ್ನು ಆರಿಸಿದ್ದರ ಫಲ ಅದೇ.

ಟ್ಯಾಂಕ್ ಜೋಡಿಸಿದ ಮೇಲೆ ಒತ್ತಡದ ಮಾಪಕ ನೋಡುತ್ತಲೇ ರೆಗ್ಯುಲೇಟರ್‌ನಿಂದ ನಾಲ್ಕು ಸಲ ಉಸಿರೆಳೆಯಿರಿ. ಮುಳ್ಳು 200 ಬಾರ್ (ಒಂದು ಬಾರ್ ಎಂದರೆ ಸುಮಾರು ಒಂದು ವಾತಾವರಣದ ಒತ್ತಡ) ಹತ್ತಿರ ಅಲುಗಾಡದೆ ನಿಲ್ಲಬೇಕು. ಉಸಿರೆಳೆದಾಗಲೆಲ್ಲ ಮುಳ್ಳು ಕುಸಿದು ಮತ್ತೆ ಏರಿದರೆ ಟ್ಯಾಂಕಿನ ಕವಾಟ ಪೂರ್ತಿ ತೆರೆದಿಲ್ಲ ಎಂದೇ ಅರ್ಥ. ಇನ್‌ಸ್ಟ್ರಕ್ಟರ್ ನೋಡಿದ್ದಾರೆ ಎಂದು ಬಿಡದೆ ಇದನ್ನು ನೀವೇ ಮಾಡಿ.

ಹೊಸಬರು ಅಂಜುವುದು ಮಾಸ್ಕಿಗೆ ನೀರು ತುಂಬಿಸಿ ಖಾಲಿ ಮಾಡುವ ಅಭ್ಯಾಸಕ್ಕೆ. ಅದು ಹೀಗೆ: ಮುಖವನ್ನು ತುಸು ಮೇಲೆತ್ತಿ, ಮಾಸ್ಕಿನ ಮೇಲಂಚನ್ನು ಎರಡು ಬೆರಳಿನಿಂದ ಹಣೆಗೆ ಒತ್ತಿ, ಮೂಗಿನಿಂದ ನಿಧಾನವಾಗಿ ಉಸಿರು ಬಿಡುತ್ತ ಹೋಗಿ. ಗಾಳಿ ಮೇಲೆ ತುಂಬಿಕೊಂಡು ನೀರನ್ನು ಕೆಳಗಿನಂಚಿನಿಂದ ಹೊರಗೆ ನೂಕುತ್ತದೆ. ಕಷ್ಟವಿರುವುದು ಬಾಯಲ್ಲಿ ಉಸಿರೆಳೆದು ಮೂಗಿನಲ್ಲಿ ಬಿಡುವುದರಲ್ಲಿ. ಇದನ್ನು ಮನೆಯ ಹತ್ತಿರದ ಕೊಳದಲ್ಲೇ, ಮಾಸ್ಕ್ ಇಲ್ಲದೆ ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಒಂದನ್ನೇ ಬಾಯಲ್ಲಿಟ್ಟು ಮುಖ ಮುಳುಗಿಸಿ ರೂಢಿ ಮಾಡಿಕೊಂಡು ಹೋಗಿ. ಕೋರ್ಸಿನ ಮೊದಲ ದಿನದ ಅರ್ಧ ಭಯ ಅಲ್ಲಿಗೇ ಕಳೆಯುತ್ತದೆ.

ಇಳಿಯುವಾಗ ಕಿವಿ ನೋಯಲು ಬಿಡಬೇಡಿ. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತುವುದನ್ನು ನೋವಿಗೂ ಮೊದಲೇ, ಮೀಟರ್‌ಗೊಮ್ಮೆ ಮಾಡುತ್ತಿರಿ. ಕಿವಿ ಬಿಡದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ನೋಡಿ. ಒತ್ತಡ ಎರಡು ಪಟ್ಟಾಗಿ, ಕಿವಿಯೊಳಗಿನ ಗಾಳಿ ಅತಿ ಹೆಚ್ಚು ಕುಗ್ಗುವುದು ಮೊದಲ ಹತ್ತು ಮೀಟರ್‌ನಲ್ಲೇ. ಅಲ್ಲಿ ಅವಸರ ಮಾಡುವವರೇ ಕಿವಿ ಕೆಡಿಸಿಕೊಳ್ಳುತ್ತಾರೆ. ನೆಗಡಿ ಇದ್ದರೆ ಇಳಿಯಲೇಬೇಡಿ. ಮಾತ್ರೆ ನುಂಗಿ ಇಳಿದರೆ ಅದರ ಪ್ರಭಾವ ನೀರಿನಲ್ಲೇ ಇಳಿದು, ಮೇಲೆ ಬರುವಾಗ ಗಾಳಿ ಸಿಕ್ಕಿಬೀಳಬಹುದು. ಹೀಗಾಗಿಯೇ ಯೋಜನೆಯಲ್ಲಿ ಒಂದು ಖಾಲಿ ದಿನವನ್ನು ಕೈಯಲ್ಲಿಟ್ಟುಕೊಂಡಿರಬೇಕು.

ಹೆಬ್ಬೆರಳು ಮೇಲೆತ್ತಿದರೆ ನೀರಿನೊಳಗೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ಸರಿ ಇದ್ದೇನೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿ. ಮೇಲೆ ಬರುವಾಗ ನಿಮಿಷಕ್ಕೆ ಒಂಬತ್ತು ಮೀಟರ್ ದಾಟದಂತೆ ನಿಧಾನವಾಗಿ ಬಂದು, ಐದು ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಿ. ದೋಣಿ ಹತ್ತುವಾಗ ಟ್ಯಾಂಕಿನಲ್ಲಿ 50 ಬಾರ್ ಉಳಿದಿರಲಿ. ಯಾವ ಹವಳವನ್ನೂ, ಯಾವ ಜೀವಿಯನ್ನೂ ಮುಟ್ಟಬೇಡಿ. ಒಂದು ಫಿನ್ ತಾಗಿ ಮುರಿಯುವ ಹವಳ ಬೆಳೆಯಲು ವರ್ಷಗಳೇ ಹಿಡಿದಿರುತ್ತವೆ.

9. ವಾಪಸ್ ಹೊರಡುವ ಲೆಕ್ಕ

ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ ಅಂತರ ಬೇಕು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನದ ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ. ನಾನಂತೂ 24 ಗಂಟೆ ಎಂದೇ ಲೆಕ್ಕ ಹಾಕಿ ಟಿಕೆಟ್ ನೋಡಿ ಎನ್ನುತ್ತೇನೆ. ದೇಹದಲ್ಲಿ ಕರಗಿದ ಸಾರಜನಕ ಪೂರ್ತಿ ಹೊರಹೋಗುವ ಮುನ್ನ ಎತ್ತರಕ್ಕೆ ಏರಿದರೆ ಅದು ಗುಳ್ಳೆಯಾಗುವ ಅಪಾಯವಿದೆ. ಎತ್ತರ ಎಂದರೆ ವಿಮಾನವೊಂದೇ ಅಲ್ಲ. ಬೆಳಿಗ್ಗೆ ತುಲಾಂಬೆನ್‌ನಲ್ಲಿ ಡೈವ್ ಮಾಡಿ, ಅದೇ ರಾತ್ರಿ ಸೂರ್ಯೋದಯ ನೋಡಲು 1,717 ಮೀಟರ್ ಎತ್ತರದ ಬತೂರ್ ಬೆಟ್ಟ ಹತ್ತುವ ಯೋಜನೆ ಹಾಕುವವರಿದ್ದಾರೆ. ಬೆಟ್ಟ ಮೊದಲು, ಕಡಲು ಆಮೇಲೆ ಇಟ್ಟುಕೊಳ್ಳಿ. ಆ ಕೊನೆಯ ಒಣ ದಿನ ಸಲಕರಣೆ ಸಿಹಿನೀರಲ್ಲಿ ತೊಳೆದು ಒಣಗಿಸಲು, ಊರು ಸುತ್ತಲು ಆಗುತ್ತದೆ.

ಅದೇ ದಿನ ಲಾಗ್ ಪುಸ್ತಕವನ್ನೂ ತುಂಬಿ ಇನ್‌ಸ್ಟ್ರಕ್ಟರ್ ಸಹಿ ಹಾಕಿಸಿಕೊಳ್ಳಿ. ನೋಡಿದ ಮೀನುಗಳ ಹೆಸರಿನ ಜೊತೆಗೆ ಎಷ್ಟು ಕಿಲೋ ಭಾರ ಕಟ್ಟಿದ್ದಿರಿ, ಸೂಟು ಎಷ್ಟು ದಪ್ಪ, ಟ್ಯಾಂಕು ಯಾವ ಅಳತೆಯದು, ಎಷ್ಟು ಬಾರ್‌ನಿಂದ ಶುರುವಾಗಿ ಎಷ್ಟಕ್ಕೆ ಮುಗಿಯಿತು ಎಂಬುದನ್ನೂ ಬರೆಯಿರಿ. ಮುಂದಿನ ಸಲ ಬೇರೆ ಕಡಲಿನಲ್ಲಿ ‘ನಿಮಗೆಷ್ಟು ಭಾರ ಬೇಕು?’ ಎಂದು ಕೇಳಿದಾಗ ಅಂದಾಜಿನಲ್ಲಿ ಹೇಳಿ ಮೊದಲ ಡೈವ್ ಹಾಳುಮಾಡಿಕೊಳ್ಳುವುದು ತಪ್ಪುತ್ತದೆ. ಆರು ತಿಂಗಳು, ವರ್ಷ ನೀರಿಗಿಳಿಯದೆ ಕಳೆದಿದ್ದರೆ ಹೊರಡುವ ಮುನ್ನ ಈಜುಕೊಳದಲ್ಲಿ ಒಂದು ರಿಫ್ರೆಶರ್ ಮಾಡಿ, ಆ ಖರ್ಚನ್ನೂ ಬಜೆಟ್‌ಗೆ ಸೇರಿಸಿಕೊಳ್ಳಿ.